ಬೀಜದ ಶುದ್ಧತೆ ಹೂವಿನವರೆಗೆ, ಕಂಪನಿಯ ಹೊಣೆ ಎಲ್ಲಿಯವರೆಗೆ?

ಹತ್ತಿ ಬೆಳೆಗಾರ ಮುಂಗಾರಿಗೆ ಮುನ್ನ ಅಂಗಡಿಯಿಂದ ತರುವ ಹೈಬ್ರಿಡ್ ಬೀಜದ ಪಾಕೀಟು ಯಂತ್ರದಲ್ಲಿ ಹುಟ್ಟಿದ್ದಲ್ಲ, ಬೆರಳುಗಳಿಂದ ಆದದ್ದು. ಸಂಜೆ ಹೆಣ್ಣು ಸಾಲಿನ ಗಿಡಗಳಲ್ಲಿ ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿ, ಎಸಳು ಮತ್ತು ಕೇಸರಗಳನ್ನು ಉಗುರಿನಿಂದ ಬಿಡಿಸಬೇಕು. ಒಳಗಿನ ಶಲಾಕೆಗೆ (ಹೂವಿನ ಹೆಣ್ಣು ಭಾಗಕ್ಕೆ) ಪೆಟ್ಟಾಗಬಾರದು. ಬೆಳಿಗ್ಗೆ ಗಂಡು ಹೂ ಕಿತ್ತು ತಂದು ಅದರ ಪರಾಗವನ್ನು ಆ ಶಲಾಕೆಗೆ ಸವರಬೇಕು. ಉತ್ತರ ಕರ್ನಾಟಕದ ಹೊಲಗಳಲ್ಲಿ ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಒಂದು ಸಂಜೆ ಮೊಗ್ಗು ಕಣ್ತಪ್ಪಿದರೆ ಅದು ತನ್ನದೇ ಪರಾಗದಿಂದ ಕಾಯಿಕಟ್ಟಿ ಬೀಜದ ಶುದ್ಧತೆಯನ್ನು ಕೆಡಿಸುತ್ತದೆ. ಹಾಗಾಗಿ ಹೂ ಬಿಡುವ ತಿಂಗಳುಗಳಲ್ಲಿ ಈ ಕೆಲಸಕ್ಕೆ ರಜೆಯೆಂಬುದಿಲ್ಲ. 1970ರಲ್ಲಿ ಗುಜರಾತಿನ ಎಚ್-4 ತಳಿ, ಅದರ ಬೆನ್ನಿಗೇ ಧಾರವಾಡದ ವರಲಕ್ಷ್ಮಿ ತಳಿ ಬಂದಂದಿನಿಂದ ಹೈಬ್ರಿಡ್ ಹತ್ತಿ ನಿಂತಿರುವುದೇ ಈ ದುಡಿಮೆಯ ಮೇಲೆ.

ಆ ಬೆರಳುಗಳು ಯಾರವು ಎಂಬ ಪ್ರಶ್ನೆಯನ್ನು ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಆಂಧ್ರದ ಬೀಜೋತ್ಪಾದನಾ ಹೊಲಗಳಲ್ಲಿ ಕೇಳಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನ ಕೊಟ್ಟ ಉತ್ತರ ಜಗತ್ತಿನ ಗಮನ ಸೆಳೆಯಿತು: ದೊಡ್ಡ ಪಾಲು ಚಿಕ್ಕ ಹೆಣ್ಣುಮಕ್ಕಳದು. ತಂದೆತಾಯಿಗೆ ಮುಂಗಡ ಕೊಟ್ಟು, ಇಡೀ ಹಂಗಾಮಿಗೆ ಮಗಳನ್ನು ಕಟ್ಟಿಹಾಕುವ ಪದ್ಧತಿ ಬೆಳೆದಿತ್ತು. ದಕ್ಷಿಣ ರಾಜಸ್ಥಾನದ ಡುಂಗರ್‌ಪುರದ ಆದಿವಾಸಿ ಮಕ್ಕಳು ಇದೇ ಕೆಲಸಕ್ಕೆ ಉತ್ತರ ಗುಜರಾತಿಗೆ ಹೋಗುತ್ತಿದ್ದರು. ಅಮೆರಿಕದ ಕಾರ್ಮಿಕ ಇಲಾಖೆ 2009ರ ತನ್ನ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿಬೀಜವನ್ನು ಬಾಲದುಡಿಮೆ, ಬಲವಂತದ ದುಡಿಮೆ ಎರಡರಡಿಯಲ್ಲೂ ಹೆಸರಿಸಿತು.

ಬೀಜ ಕಂಪನಿಗಳು ಇದಕ್ಕೆ ಕೊಡುತ್ತ ಬಂದ ಉತ್ತರ ಒಂದೇ: ಹೊಲ ರೈತನದು, ಕೂಲಿಯಾಳುಗಳು ರೈತನವರು, ನಮ್ಮ ಒಪ್ಪಂದ ಇರುವುದು ನಡುವಿನ ಮಧ್ಯವರ್ತಿಯಾದ ಆರ್ಗನೈಸರ್ ಜೊತೆ. ಕಾಗದದ ಮೇಲೆ ಇದು ನಿಜ. ಆದರೆ ಮೂಲ ಬೀಜ ಕೊಡುವುದು ಕಂಪನಿ, ಖರೀದಿ ದರ ಗೊತ್ತುಮಾಡುವುದು ಕಂಪನಿ, ಹಂಗಾಮಿನಲ್ಲಿ ಮತ್ತೆ ಮತ್ತೆ ಹೊಲಕ್ಕೆ ಬಂದು ಸಾಲುಗಳನ್ನು ನೋಡುವವರು ಕಂಪನಿಯ ಸಿಬ್ಬಂದಿ. ಶುದ್ಧತೆಯ ಪರೀಕ್ಷೆಯಲ್ಲಿ ಬಿದ್ದ ಬೀಜವನ್ನು ತಿರಸ್ಕರಿಸುವುದೂ ಕಂಪನಿಯೇ. ತಪ್ಪಿದ ಒಂದು ಹೂವನ್ನು ಪತ್ತೆಹಚ್ಚುವ ಕಣ್ಣಿಗೆ ಅದೇ ಸಾಲಿನಲ್ಲಿ ನಿಂತ ಹತ್ತು ವರ್ಷದ ಹುಡುಗಿ ಕಾಣಲಿಲ್ಲವೆಂದರೆ ನಂಬುವುದು ಹೇಗೆ? 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿದ ಮಾರ್ಗಸೂತ್ರಗಳು ಇದನ್ನೇ ಹೇಳುತ್ತವೆ: ಕಂಪನಿ ತಾನೇ ಹಕ್ಕು ಮುರಿಯದಿದ್ದರೆ ಸಾಲದು, ತನ್ನ ವ್ಯವಹಾರದ ಸಂಬಂಧಗಳ ಮೂಲಕ ಆಗುವ ಹಾನಿಯನ್ನೂ ಹುಡುಕಿ ತಡೆಯಬೇಕು.

ಬಡ ಮನೆಗೆ ಆ ಕೂಲಿಯೂ ಬೇಕಲ್ಲ ಎಂಬ ಮಾತಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮಕ್ಕಳಿಗೆ ಕೆಲಸ ಸಿಗುವುದು ಅವರ ಕೂಲಿ ಕಡಿಮೆ ಎಂಬ ಕಾರಣಕ್ಕೆ. ಅದೇ ಕಾರಣಕ್ಕೆ ಅವರ ತಾಯಂದಿರ ಕೂಲಿಯೂ ಏರುವುದಿಲ್ಲ. ಎಳೆಯ ಬೆರಳೇ ಬೇಕು ಎಂಬ ವಾದವೂ ನಿಲ್ಲದು, ಏಕೆಂದರೆ ಅದೇ ಹೊಲಗಳಲ್ಲಿ ದೊಡ್ಡವರೂ ಕ್ರಾಸಿಂಗ್ ಮಾಡುತ್ತಾರೆ. ಇನ್ನು ರೈತ. ಬೀಜೋತ್ಪಾದನೆಯಲ್ಲಿ ಅವನ ಅತಿ ದೊಡ್ಡ ಖರ್ಚು ಕೂಲಿಯದೇ. ದೊಡ್ಡವರ ಕೂಲಿ ಲೆಕ್ಕಕ್ಕೆ ಹಿಡಿಯದ ಖರೀದಿ ದರ ಕೊಟ್ಟು, ‘ಮಕ್ಕಳನ್ನು ದುಡಿಸಬೇಡ’ ಎಂದು ಒಪ್ಪಂದದಲ್ಲಿ ಬರೆಸಿಕೊಂಡರೆ ತಪ್ಪೆಲ್ಲ ಅವನ ತಲೆಗೆ ಬರುತ್ತದೆ. ಇದು ನ್ಯಾಯವಲ್ಲ.

ಬದಲಾವಣೆ ಸಾಧ್ಯವೆಂಬುದಕ್ಕೆ ಸಾಕ್ಷಿ ಇದೇ ಕ್ಷೇತ್ರದಲ್ಲಿದೆ. ಬಾಲದುಡಿಮೆಯ ವಿರುದ್ಧ ಹೋರಾಡುವ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ಮತ್ತಿತರ ಸಂಘಟನೆಗಳ ಒತ್ತಡದ ನಂತರ ಬಾಯರ್‌ನಂಥ ಕಂಪನಿಗಳು ಹೊಲಗಳ ತಪಾಸಣೆ ಶುರುಮಾಡಿ, ಮಕ್ಕಳನ್ನು ದುಡಿಸದ ರೈತರಿಗೆ ಹೆಚ್ಚುವರಿ ಹಣ ಕೊಟ್ಟವು, ಮತ್ತೆ ಮತ್ತೆ ತಪ್ಪಿದವರ ಒಪ್ಪಂದ ಕೈಬಿಟ್ಟವು. ಆ ಹೊಲಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಆದರೆ ಎಲ್ಲ ಕಂಪನಿಗಳೂ ಆ ದಾರಿ ಹಿಡಿಯಲಿಲ್ಲ. ಶಾಲೆಯ ಅವಧಿ ಮುಗಿದ ಮೇಲೆ ಮಕ್ಕಳು ಕುಟುಂಬದ ಕೆಲಸಕ್ಕೆ ನೆರವಾಗಬಹುದೆಂದು ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಕೊಟ್ಟ ವಿನಾಯಿತಿಯಿಂದ, ಸ್ವಂತ ಹೊಲದ ಹೆಸರಲ್ಲಿ ಮಕ್ಕಳ ದುಡಿಮೆ ಮರೆಯಾಗುವ ಅಪಾಯವೂ ಇದೆ.

ಬೀಜ ಮಾರಲು ಪರವಾನಗಿ ಕೊಡುವುದು ಸರ್ಕಾರ. ವಯಸ್ಕರ ಕನಿಷ್ಠ ಕೂಲಿಯನ್ನು ಸೇರಿಸಿಯೇ ಖರೀದಿ ದರ ಕಟ್ಟಿದ್ದೇವೆಂದು ಲೆಕ್ಕ ತೋರಿಸಿ, ಬೀಜ ಬೆಳೆಸುವ ಹಳ್ಳಿಗಳ ಪಟ್ಟಿಯನ್ನು ಬಹಿರಂಗಪಡಿಸುವ ಕಂಪನಿಗಷ್ಟೇ ಆ ಪರವಾನಗಿ ಸಿಗಬೇಕು. ಬೀಜ ಕೊಳ್ಳುವ ರೈತ ಸಂಘಗಳು ಇದನ್ನು ಮುಂದಿನ ಮುಂಗಾರಿಗೆ ಮುನ್ನವೇ ಕೇಳಲಿ.