ಸೇರೋಕೆ ನೀವು ರೆಡಿನಾ? ಯುರೋಪ್ ಇವತ್ತು ಕೇಳ್ತಿರೋ ಪ್ರಶ್ನೆಯನ್ನ ಮೈಸೂರು 1954ರಲ್ಲೇ ಕೇಳಿತ್ತು

ನಿಮ್ಮಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕಳಿಸಿದ್ದೀರಿ: ಉಕ್ರೇನ್ ಯುರೋಪಿಯನ್ ಯೂನಿಯನ್ ಸೇರುತ್ತೆ ಅಂತ ನ್ಯೂಸ್‌ನಲ್ಲಿ ಬರ್ತಾನೇ ಇದೆ, ಸೇರೋದು ಯಾವಾಗ? ಇದಕ್ಕೆ ಉತ್ತರ ಹೇಳ್ತೀನಿ. ಆದರೆ ಇದೇ ಥರದ ಕಥೆ ನಮ್ಮ ರಾಜ್ಯದಲ್ಲೂ ನಡೆದಿದೆ, ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತೆ. ಹಾಗಾಗಿ ಇವತ್ತು ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.

ಮೊದಲು ಯುರೋಪ್. ಅಲ್ಲಿ ಈಗ 27 ಸದಸ್ಯ ದೇಶಗಳಿವೆ. ಹೊಸಬರು ಬರಬೇಕು ಅಂದರೆ 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಪ್ಪಿಕೊಂಡ ಮೂರು ಷರತ್ತುಗಳಿವೆ. ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಅಲ್ಪಸಂಖ್ಯಾತರ ರಕ್ಷಣೆ ಗಟ್ಟಿಯಾಗಿರಬೇಕು. ಮಾರುಕಟ್ಟೆ ಸರಿಯಾಗಿ ನಡೀತಿರಬೇಕು, ಒಳಗಿನ ಪೈಪೋಟಿ ತಡ್ಕೊಳ್ಳೋ ಶಕ್ತಿ ಇರಬೇಕು. ಒಕ್ಕೂಟದ ಕಾನೂನುಗಳನ್ನೆಲ್ಲ ಜಾರಿಗೆ ತರೋ ತಾಕತ್ತು ಇರಬೇಕು. ಆ ಕಾನೂನುಗಳನ್ನ 35 ಅಧ್ಯಾಯಗಳಾಗಿ ಹಂಚಿದ್ದಾರೆ: ತೆರಿಗೆ, ಕೃಷಿ, ನ್ಯಾಯಾಂಗ, ಪರಿಸರ, ಹೀಗೆ. ಪ್ರತಿ ವರ್ಷ ಪ್ರತಿ ದೇಶಕ್ಕೂ ಒಂದು ವರದಿ ಬರುತ್ತೆ, ಯಾವ ಅಧ್ಯಾಯದಲ್ಲಿ ತಯಾರಿ ಎಷ್ಟಾಗಿದೆ ಅಂತ.

ನಮ್ಮ ಕಡೆ ಕಾಫಿ ಮಾರೋರಿಗೆ ಇದು ಬೇಗ ಅರ್ಥ ಆಗುತ್ತೆ. ಔಟ್‌ಟರ್ನ್ ನೋಡದೆ ವ್ಯಾಪಾರಿ ರೇಟ್ ಹೇಳಲ್ಲ. 50 ಕೆಜಿ ಒಣ ಚೆರ್ರಿ ಮಿಲ್ ಮಾಡಿದ್ರೆ ಎಷ್ಟು ಕೆಜಿ ಬೀಜ ಸಿಗುತ್ತೆ ಅಂತ ಸ್ಯಾಂಪಲ್ ತೆಗೆದು ನೋಡ್ತಾರೆ, ತೇವಾಂಶ ನೋಡ್ತಾರೆ, ಆಮೇಲೆ ಮಾತು. ಯುರೋಪ್ ಮಾಡ್ತಿರೋದೂ ಅದೇ, ಮೂಟೆಯ ಜಾಗದಲ್ಲಿ ದೇಶ ಇದೆ ಅಷ್ಟೇ.

ಆದರೆ ಪರೀಕ್ಷೆ ಪಾಸಾದರೆ ಸೀಟು ಸಿಕ್ಕೇ ಸಿಗುತ್ತೆ ಅಂತಿಲ್ಲ. ಪ್ರತಿ ದೊಡ್ಡ ಹೆಜ್ಜೆಗೂ ಅಷ್ಟೂ ಸದಸ್ಯ ದೇಶಗಳು ಒಪ್ಪಬೇಕು, ಒಬ್ಬರು ಬೇಡ ಅಂದರೂ ಮುಗೀತು. ಉತ್ತರ ಮ್ಯಾಸಿಡೋನಿಯಾ 2005ರಿಂದ ಅಭ್ಯರ್ಥಿ. ಗ್ರೀಸ್ ಆಕ್ಷೇಪ ಎತ್ತಿದ್ದಕ್ಕೆ 2019ರಲ್ಲಿ ದೇಶದ ಹೆಸರನ್ನೇ ಬದಲಾಯಿಸಿಕೊಂಡಿತು. ಆಮೇಲೆ ಬಲ್ಗೇರಿಯಾ ಅಡ್ಡ ಬಂತು! ಟರ್ಕಿ ಅರ್ಜಿ ಹಾಕಿದ್ದು 1987ರಲ್ಲಿ, ಇನ್ನೂ ಹೊರಗೇ ಇದೆ. ಕೊನೆಯದಾಗಿ ಒಳಗೆ ಹೋಗಿದ್ದು ಕ್ರೊಯೇಷಿಯಾ, 2013ರಲ್ಲಿ. ಉಕ್ರೇನ್ ಅಭ್ಯರ್ಥಿ ಆಗಿದ್ದು 2022ರಲ್ಲಿ, ಮಾತುಕತೆ ಶುರುವಾಗಿದ್ದು 2024ರಲ್ಲಿ. ಯಾಕೆ ತಡ ಅಂತ ಕೇಳಿದವರಿಗೆ ಇದು ಉತ್ತರ.

ಈಗ ನಮ್ಮ ಕಥೆ. ಕಳಸದಿಂದ ಕುದುರೆಮುಖ ದಾಟಿ ಕಾರ್ಕಳದ ಕಡೆ ಬಸ್ಸಲ್ಲಿ ಹೋದವರು ಎಸ್.ಕೆ. ಬಾರ್ಡರ್ ಅನ್ನೋ ಹೆಸರು ಕೇಳಿರ್ತೀರಿ. ಎಸ್.ಕೆ. ಅಂದರೆ ಸೌತ್ ಕೆನರಾ. ಇವತ್ತು ಅದು ಬರೀ ಜಿಲ್ಲೆಯ ಗಡಿ. 1956ರ ಅಕ್ಟೋಬರ್ 31ರವರೆಗೆ ಅದು ರಾಜ್ಯದ ಗಡಿ. ಈ ಕಡೆ ನಾವು ಮೈಸೂರು, ಆ ಕಡೆ ಮದ್ರಾಸ್. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬಾಂಬೆಯಲ್ಲಿದ್ದವು. ಗುಲ್ಬರ್ಗಾ, ರಾಯಚೂರು, ಬೀದರ್ ಹೈದರಾಬಾದ್‌ನಲ್ಲಿ. ಕೊಡಗು ತಾನೇ ಒಂದು ಪುಟ್ಟ ರಾಜ್ಯ.

ಶಾಲೆ ಪುಸ್ತಕದಲ್ಲಿ ಏಕೀಕರಣ ಅಂದರೆ ಎಲ್ಲರೂ ಒಂದೇ ಮನಸ್ಸಿಂದ ಕೂಡಿದ ಹಬ್ಬ. ಹಳೇ ಮೈಸೂರಿನಲ್ಲಿ ಅಷ್ಟು ಸಲೀಸಾಗಿ ಇರಲಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದಿತ್ತು, ವಿಶ್ವವಿದ್ಯಾಲಯ 1916ರಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇತ್ತು, ಕನ್ನಂಬಾಡಿ ಕಟ್ಟೆ ಇತ್ತು. ಅವರೆಲ್ಲ ಬಂದರೆ ಅವರ ಖರ್ಚು ನಮ್ಮ ತಲೆ ಮೇಲೆ ಬೀಳುತ್ತೆ ಅನ್ನೋ ಮಾತು ಬಹಿರಂಗವಾಗಿಯೇ ಇತ್ತು. ಅದರ ಹಿಂದೆ ಇನ್ನೊಂದು ಲೆಕ್ಕ: ಉತ್ತರ ಸೇರಿದರೆ ಲಿಂಗಾಯತರ ಸಂಖ್ಯೆ ಹೆಚ್ಚಾಗಿ, ತಮ್ಮ ಹಿಡಿತ ಹೋಗುತ್ತೆ ಅನ್ನೋ ಭಯ ಹಳೇ ಮೈಸೂರಿನ ಒಕ್ಕಲಿಗ ರಾಜಕಾರಣದಲ್ಲಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಸ್ವತಃ ಆ ವಲಯದವರೇ, ಆದರೂ ಏಕೀಕರಣದ ಪರ ನಿಂತರು.

ಅವರ ಕಾಲದಲ್ಲೇ, 1954ರಲ್ಲಿ, ಎಂ. ಶೇಷಾದ್ರಿ ಅವರ ಅಧ್ಯಕ್ಷತೆಯ ಸತ್ಯಶೋಧನಾ ಸಮಿತಿಯ ವರದಿ ಬಂತು. ಸೇರಬೇಕಾದ ಕನ್ನಡ ಪ್ರದೇಶಗಳ ಸ್ಥಿತಿ ಹೇಗಿದೆ, ಮೈಸೂರಿಗೆ ಹೋಲಿಸಿದರೆ ಎಲ್ಲಿ ನಿಂತಿವೆ ಅಂತ ನೋಡೋದು ಅದರ ಕೆಲಸ. ಬಹುತೇಕ ಕಡೆ ಹಿಂದಿವೆ ಅಂತ ಲೆಕ್ಕ ಬಂತು. ನೋಡಿ, ಬ್ರಸೆಲ್ಸ್‌ನವರು ಈಗ ಮಾಡೋ ಕೆಲಸವನ್ನ ಮೈಸೂರಿನವರು ಆಗಲೇ ಮಾಡಿದ್ದರು. ಆದರೆ ಇಲ್ಲಿ ವರದಿ ನೋಡಿ ಬಾಗಿಲು ಹಾಕಲಿಲ್ಲ. 1955ರಲ್ಲಿ ಫಜಲ್ ಅಲಿ ಆಯೋಗ ಕನ್ನಡ ರಾಜ್ಯಕ್ಕೆ ಶಿಫಾರಸು ಮಾಡಿತು, 1956ರ ನವೆಂಬರ್ 1ಕ್ಕೆ ಎಲ್ಲರೂ ಒಳಗೆ.

ಎಲ್ಲರೂ ಅಂದೆ, ಕಾಸರಗೋಡು ಬಿಟ್ಟು. ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿದ್ರೂ ಜಾರಿ ಆಗಲಿಲ್ಲ. ತಯಾರಿದ್ದೂ ಹೊರಗೆ ಉಳಿಯೋರು ಯುರೋಪ್‌ನಲ್ಲಿ ಮಾತ್ರ ಇಲ್ಲ.

ಇನ್ನೊಂದು ಮಾತು. ಬಂದವರೆಲ್ಲ ಕೈ ಚಾಚಿಕೊಂಡೇ ಬಂದವರಲ್ಲ. ದಕ್ಷಿಣ ಕನ್ನಡ ತನ್ನ ಜೊತೆ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕ್‌ಗಳನ್ನ ಬೆಳೆಸಿದ ನೆಲವನ್ನೇ ತಂದಿತು. ಬಿಕಾಂ ಓದಿದವನಾಗಿ ಹೇಳ್ತೀನಿ, ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಪುಟ ಒಂದೇ ತೋರಿಸಿ ಆಸ್ತಿ ಕಡೆ ಮುಚ್ಚಿಡೋ ಹಾಗೆ ಇರುತ್ತೆ ಇಂಥ ಚರ್ಚೆಗಳು.

ಹಾಗಾದರೆ ಅಳತೆ ಬೇಡವಾ? ಬೇಕು. ನಮ್ಮಲ್ಲಿ ಎಡವಟ್ಟಾಗಿದ್ದು ಅಳತೆ ಆದಮೇಲೆ. ಯುರೋಪ್‌ನಲ್ಲಿ ವರದಿಯ ಜೊತೆಗೆ ಹಣ ಹೋಗುತ್ತೆ. ಸೇರೋದಕ್ಕೆ ಮುಂಚೆ ತಯಾರಿಗೆ ಅಂತ ಒಂದು ನಿಧಿ, ಸೇರಿದ ಮೇಲೆ ಹಿಂದುಳಿದ ಭಾಗಗಳಿಗೆ ಇನ್ನೊಂದು. 2004ರಲ್ಲಿ ಸೇರಿದ ಪೋಲೆಂಡ್ ಅದರಿಂದ ಎಷ್ಟು ಮೇಲೆ ಬಂತು ಅಂತ ನೋಡಿ. ರೊಮೇನಿಯಾ, ಬಲ್ಗೇರಿಯಾ 2007ರಲ್ಲಿ ಒಳಗೆ ಬಂದಾಗ ನ್ಯಾಯಾಂಗ, ಭ್ರಷ್ಟಾಚಾರದ ವಿಷಯ ಇನ್ನೂ ಬಾಕಿ ಇತ್ತು. ಅದಕ್ಕೆ ವಿಶೇಷ ನಿಗಾ ಇಟ್ಟರು, ಅದು ಔಪಚಾರಿಕವಾಗಿ ಮುಗಿದಿದ್ದು 2023ರಲ್ಲಿ.

ನಮ್ಮಲ್ಲಿ? 1954ರ ವರದಿ ಹಿಂದಿವೆ ಅಂದ ಗುಲ್ಬರ್ಗಾಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದಿದ್ದು 1980ರಲ್ಲಿ. ತಾಲ್ಲೂಕು ತಾಲ್ಲೂಕಾಗಿ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂದಿದ್ದು 2002ರಲ್ಲಿ. ಕಾಕತಾಳೀಯ ಅನ್ನಿ, ಅವರೂ 35 ಸೂಚ್ಯಂಕ ಇಟ್ಟುಕೊಂಡಿದ್ದರು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರದವು. ಎಂಟು ವರ್ಷಕ್ಕೆ 31,000 ಕೋಟಿಯ ಯೋಜನೆ ಕೊಟ್ಟರು. ಹೈದರಾಬಾದ್ ಕರ್ನಾಟಕಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡೋ 371(ಜೆ) ವಿಧಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ. ಸೇರಿಸಿಕೊಂಡು 56 ವರ್ಷ ಆದಮೇಲೆ! ಬಾಗಿಲು ತೆರೆದಿಟ್ಟಿದ್ದಕ್ಕೆ ನನಗೆ ಖುಷಿ ಇದೆ, ಆದರೆ ಒಳಗೆ ಕರೆದು ಇಷ್ಟು ವರ್ಷ ಜಗಲಿ ಮೇಲೆ ಕೂರಿಸಿದ್ದನ್ನ ಔದಾರ್ಯ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ನಂಜುಂಡಪ್ಪ ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ರಾಜ್ಯದ ಸರಾಸರಿಯನ್ನ 1 ಅಂತ ಇಟ್ಟು, ಅದಕ್ಕಿಂತ ಕಡಿಮೆ ಇದ್ದವರನ್ನ ಹಿಂದುಳಿದವರು ಅಂದರು. ಸರಾಸರಿ ಅಂದಮೇಲೆ ಯಾರಾದರೂ ಕೆಳಗೆ ಇದ್ದೇ ಇರ್ತಾರೆ, ಎಲ್ಲರೂ ಚೆನ್ನಾಗಿದ್ದರೂ. ಯುರೋಪ್‌ನ ಗೆರೆ ಕಾನೂನಿನ ಪುಸ್ತಕದಲ್ಲಿದೆ, ಆ ಮಟ್ಟ ಮುಟ್ಟಿದೆಯಾ ಇಲ್ಲವಾ ಅಂತ ಕೇಳಬಹುದು. ಪಕ್ಕದವನಿಗಿಂತ ಎಷ್ಟು ಹಿಂದೆ ಅಂತ ಕೇಳೋದು ಬೇರೆ, ಹೆರಿಗೆಗೆ ಆಸ್ಪತ್ರೆ ಎಷ್ಟು ದೂರ ಅಂತ ಕೇಳೋದು ಬೇರೆ.

ಸರಾಸರಿಯ ಇನ್ನೊಂದು ಆಟ ನಮ್ಮ ಊರಿಗೇ ಸಂಬಂಧಿಸಿದ್ದು. 2002ರಲ್ಲಿ ಕಳಸ ಬರೀ ಹೋಬಳಿ, ನಮ್ಮ ಲೆಕ್ಕ ಮೂಡಿಗೆರೆಯ ಲೆಕ್ಕದೊಳಗೆ ಕರಗಿ ಹೋಗಿತ್ತು. ದೊಡ್ಡ ಎಸ್ಟೇಟು, ಅದರ ಲೈನ್ ಮನೆ, ಮಳೆಗಾಲದಲ್ಲಿ ದಾರಿ ಕಡಿದುಹೋಗೋ ಗುಡ್ಡದ ಮೇಲಿನ ಒಂಟಿ ಮನೆ, ಎಲ್ಲ ಸೇರಿ ಒಂದು ನಂಬರ್. ಈಗ ಕಳಸ ತಾಲ್ಲೂಕು. ಪ್ರಾದೇಶಿಕ ಅಸಮತೋಲನವನ್ನ ಮತ್ತೆ ಅಳೆಯೋಕೆ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದರ ಪಟ್ಟಿ ಕೈಗೆ ಸಿಕ್ಕಾಗ ನಿಮ್ಮ ತಾಲ್ಲೂಕು ಎಷ್ಟನೇ ಸ್ಥಾನದಲ್ಲಿದೆ ಅನ್ನೋದನ್ನ ಆಮೇಲೆ ನೋಡಿ. ಮೊದಲು ನಿಮ್ಮ ತಾಲ್ಲೂಕನ್ನ ಬೇರೆಯಾಗಿ ಎಣಿಸಿದ್ದಾರಾ, ಪಕ್ಕದಲ್ಲಿ ಎಷ್ಟು ದುಡ್ಡು, ಯಾವ ವರ್ಷದೊಳಗೆ ಅಂತ ಬರೆದಿದ್ದಾರಾ ನೋಡಿ. ಬರೆದಿಲ್ಲ ಅಂದರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಅದರ ಮೇಲೆ ಇನ್ನೊಂದು ಎಪಿಸೋಡ್ ಮಾಡೋಣ.