ಕಪ್ಪು ಚೌಕ ಹಾಕಿದ್ದಾಯ್ತು, ಮುಂದೇನು?

2020ರ ಜೂನ್ 2, ಮಂಗಳವಾರ. ಅವತ್ತು ಇನ್‌ಸ್ಟಾಗ್ರಾಂ ತೆರೆದವರಿಗೆ ಮೇಲಿಂದ ಕೆಳಗಿನವರೆಗೂ ಕಂಡಿದ್ದು ಬರೀ ಕಪ್ಪು ಚೌಕಗಳು. ಅದಕ್ಕೂ ಎಂಟು ದಿನ ಮುಂಚೆ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಮೊಣಕಾಲಿನಡಿ ಸಿಕ್ಕಿ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟಿದ್ದರು. ಅದನ್ನು ಖಂಡಿಸಿ ಲಕ್ಷಾಂತರ ಜನ ಚೌಕ ಹಾಕಿದ್ದರು. ನಮ್ಮಲ್ಲೂ ಹಾಕಿದವರಿದ್ದರು.

ಆದರೆ ಅವತ್ತೇ ಹೋರಾಟಗಾರರು ಒಂದು ವಿನಂತಿ ಮಾಡಿಕೊಳ್ಳಬೇಕಾಯ್ತು: ದಯವಿಟ್ಟು ಚೌಕದ ಜೊತೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಹ್ಯಾಶ್‌ಟ್ಯಾಗ್ ಹಾಕಬೇಡಿ! ಯಾಕೆ ಗೊತ್ತಾ? ಪ್ರತಿಭಟನೆ ಎಲ್ಲಿ, ಬಂಧನವಾದವರಿಗೆ ನೆರವು ಹೇಗೆ ಅನ್ನೋ ಮಾಹಿತಿಯನ್ನೆಲ್ಲ ಜನ ಹುಡುಕುತ್ತಿದ್ದದ್ದು ಅದೇ ಟ್ಯಾಗ್‌ನಲ್ಲಿ. ಅದೆಲ್ಲ ಚೌಕಗಳ ಕೆಳಗೆ ಹೂತುಹೋಯ್ತು. ಬೆಂಬಲಿಸಲು ಬಂದವರ ಗದ್ದಲದಲ್ಲಿ ಬೇಕಾದವರ ದನಿಯೇ ಕೇಳಿಸದಂತಾಯ್ತು.

ಏಳು ವರ್ಷದ ಬೆವರು

ಆ ಟ್ಯಾಗ್ ರಾತ್ರೋರಾತ್ರಿ ಹುಟ್ಟಿದ್ದಲ್ಲ. 2012ರಲ್ಲಿ ಫ್ಲಾರಿಡಾದಲ್ಲಿ 17 ವರ್ಷದ ಟ್ರೇವಾನ್ ಮಾರ್ಟಿನ್ ಎಂಬ ಕಪ್ಪು ಹುಡುಗ ಗುಂಡೇಟಿಗೆ ಬಲಿಯಾದ. ಮರುವರ್ಷ ಜುಲೈನಲ್ಲಿ ಗುಂಡು ಹೊಡೆದವನ ಖುಲಾಸೆಯಾಯ್ತು. ಆಗ ಅಲಿಸಿಯಾ ಗಾರ್ಜಾ ಫೇಸ್‌ಬುಕ್‌ನಲ್ಲಿ ಬರೆದ ಮಾತನ್ನು ಗೆಳತಿ ಪ್ಯಾಟ್ರಿಸ್ ಕಲ್ಲರ್ಸ್ ಹ್ಯಾಶ್‌ಟ್ಯಾಗ್ ಮಾಡಿದರು. ಓಪಲ್ ಟೊಮೆಟಿ ಜೊತೆಯಾದರು. 2014ರಲ್ಲಿ ಫರ್ಗುಸನ್‌ನಲ್ಲಿ ಜನ ಬೀದಿಗಿಳಿದ ಮೇಲೆಯೇ ಅದು ಊರೂರಿಗೆ ಹಬ್ಬಿದ್ದು. ಅಂದರೆ ಫೋನಿನ ಮಾತಿಗೆ ಬೀದಿಯ ಕಾಲು ಸೇರಿದಾಗಲೇ ಅದು ನಡೆದದ್ದು.

ಫ್ಲಾಯ್ಡ್ ವಿಷಯದಲ್ಲೂ ಅಷ್ಟೇ. ಪೊಲೀಸರ ಮೊದಲ ಹೇಳಿಕೆಯಲ್ಲಿ ಅದು ಆರೋಗ್ಯ ಕೆಟ್ಟು ಆದ ಸಾವು ಅನ್ನುವಂತಿತ್ತು. ಮೊಣಕಾಲಿನ ಸುದ್ದಿಯೇ ಇರಲಿಲ್ಲ. ಅದನ್ನು ಸುಳ್ಳು ಮಾಡಿದ್ದು 17 ವರ್ಷದ ಡಾರ್ನೆಲಾ ಫ್ರೇಜಿಯರ್ ಫೋನಿನಲ್ಲಿ ತೆಗೆದ ವಿಡಿಯೊ. ಮರುವರ್ಷ ಆ ಅಧಿಕಾರಿಗೆ 22 ವರ್ಷ 6 ತಿಂಗಳ ಶಿಕ್ಷೆಯಾಯ್ತು, ಫ್ರೇಜಿಯರ್‌ಗೆ ಪುಲಿಟ್ಜರ್ ವಿಶೇಷ ಗೌರವ ಸಿಕ್ಕಿತು. ಆದರೆ ನ್ಯಾಯಾಲಯದಲ್ಲಿ ಆಕೆ ಹೇಳಿದ್ದೇನು? ಇನ್ನೂ ಏನಾದರೂ ಮಾಡಬಹುದಿತ್ತೇನೋ ಅಂತ ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಫ್ಲಾಯ್ಡ್‌ರಲ್ಲಿ ಕ್ಷಮೆ ಕೇಳುತ್ತಿದ್ದೆ ಅಂತ. ನಾವು ಶೇರ್ ಮಾಡಿ ಮಲಗುತ್ತೇವೆ. ಅದರ ಭಾರ ಹೊರುವವರು ಬೇರೆಯವರು.

ನಮ್ಮ ಮನೆ ಕಡೆ ನೋಡೋಣ

ಅದೇ ಜೂನ್‌ನಲ್ಲಿ ಡಲ್ಲಾಸ್‌ನ ಭಾರತೀಯ ಮೂಲದ ಮಹಿಳೆಯೊಬ್ಬರು ಆನ್‌ಲೈನ್ ಮನವಿ ಶುರು ಮಾಡಿದರು. ಬೇಡಿಕೆ ಒಂದೇ: ಶಾದಿ ಡಾಟ್ ಕಾಮ್‌ನಲ್ಲಿ ಮೈಬಣ್ಣ ನೋಡಿ ಜೋಡಿ ಹುಡುಕುವ ಆಯ್ಕೆ ತೆಗೆಯಿರಿ. ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಂಪನಿ ತೆಗೆಯಿತು. ಅದೇ ತಿಂಗಳು ‘ಫೇರ್ ಆ್ಯಂಡ್ ಲವ್ಲಿ’ ಹೆಸರಿನಿಂದ ‘ಫೇರ್’ ಬಿಡುತ್ತೇವೆಂದು ಅದರ ಕಂಪನಿಯೂ ಘೋಷಿಸಿತು. ಹೆಸರು ಬದಲಾದ ಮಾತ್ರಕ್ಕೆ ‘ಹುಡುಗಿ ಲಕ್ಷಣವಾಗಿದ್ದಾಳೆ, ಆದ್ರೆ ಸ್ವಲ್ಪ ಕಪ್ಪು’ ಅನ್ನೋ ಮಾತು ನಿಲ್ಲಲಿಲ್ಲ ಬಿಡಿ. ಆದರೂ ಯಾರನ್ನು, ಏನು ಕೇಳಬೇಕು ಅನ್ನೋದು ಸ್ಪಷ್ಟವಾಗಿದ್ದರೆ ಉತ್ತರ ಬರುತ್ತದೆ.

ಅದರ ಮುಂದಿನ ತಿಂಗಳು ನಮ್ಮಲ್ಲೇ ಒಂದು ದೊಡ್ಡ ಸುದ್ದಿ ಇತ್ತು. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಸಿದ್ದಿ ಸಮುದಾಯದ ಮೊದಲ ಶಾಸಕರಾದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ, ಆಫ್ರಿಕಾ ಮೂಲದ ಜನ ಸಿದ್ದಿಗಳು. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಆದರೂ ಪೇಟೆಗೆ ಬಂದರೆ ‘ಯಾವ ದೇಶ?’ ಅಂತ ಕೇಳಿಸಿಕೊಳ್ಳುತ್ತಾರೆ. ಮಿನಿಯಾಪೊಲಿಸ್‌ಗಾಗಿ ಚೌಕ ಹಾಕಿದ ನಮ್ಮಲ್ಲಿ ಎಷ್ಟು ಜನ ಈ ಸುದ್ದಿ ಓದಿದೆವು?

ಪೋಸ್ಟ್ ಹಾಕೋ ಮುಂಚೆ

* ಅನುಭವಿಸಿದವರು ಈಗಾಗಲೇ ಬರೆದಿದ್ದಾರಾ? ಹಾಗಿದ್ದರೆ ಅವರದ್ದನ್ನೇ ಹಂಚಿ. ನಿಮ್ಮ ಭಾಷಣ ಆಮೇಲೆ.
* ‘ನಿಮಗೇನಾಯ್ತು, ಹೇಳಿ’ ಅಂತ ಈಶಾನ್ಯ ರಾಜ್ಯದ ಅಥವಾ ಸಿದ್ದಿ ಗೆಳೆಯರನ್ನು ಎಲ್ಲರ ಮುಂದೆ ಕೆದಕಬೇಡಿ. ಗಾಯ ತೋರಿಸೋದು ಅವರ ಕೆಲಸವಲ್ಲ.
* ವಿಡಿಯೊ ಎಲ್ಲಿಯದು, ಯಾವಾಗಿನದು ಅಂತ ನೋಡಿ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯದ ಸಾವಿರಾರು ಜನ ರೈಲು ಹತ್ತಿ ಊರಿಗೆ ಓಡಿದ್ದು ಫೋನಿನಲ್ಲಿ ಹರಡಿದ ವದಂತಿಗೆ ಹೆದರಿ.
* ಬೈಗುಳ ಬರುತ್ತದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬ್ಲಾಕ್ ಮಾಡಿ. ಬೆದರಿಕೆಯಾದರೆ ಸೈಬರ್ ಠಾಣೆಗೆ ಹೋಗಿ. ಎಲ್ಲದಕ್ಕೂ ಉತ್ತರ ಕೊಡಬೇಕಿಲ್ಲ.

ಇನ್ನು ಎಲ್ಲಕ್ಕಿಂತ ಕಷ್ಟದ ಜಾಗ ಅಂದರೆ ಮನೆಯ ವಾಟ್ಸ್‌ಆ್ಯಪ್ ಗ್ರೂಪ್. ಅಮೆರಿಕದ ಬಗ್ಗೆ ಗುಡುಗುವ ನಾವು ದೊಡ್ಡಪ್ಪ ಹಾಕಿದ ‘ಕರಿಯ’ ಜೋಕಿಗೆ ನಗುವ ಇಮೋಜಿ ಒತ್ತಿ ಸುಮ್ಮನಾಗುತ್ತೇವೆ. ಅಲ್ಲೇ ಜಗಳ ತೆಗೆಯಬೇಕಂತಲ್ಲ. ಫೋನ್ ಮಾಡಿ, ‘ದೊಡ್ಡಪ್ಪ, ಗ್ರೂಪಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಅದನ್ನ ಡಿಲೀಟ್ ಮಾಡ್ಬಿಡಿ’ ಅಂದರೆ ಸಾಕು. ಒಂದೆರಡು ದಿನ ಮುನಿಸಿಕೊಳ್ಳಬಹುದು. ಆದರೆ ಆ ಗ್ರೂಪಿನಲ್ಲಿ ಸದ್ದಿಲ್ಲದೆ ಓದುತ್ತಿರುವ, ಬಣ್ಣ ಸ್ವಲ್ಪ ಕಡಿಮೆ ಅಂತ ಚಿಕ್ಕಂದಿನಿಂದ ಕೇಳಿಸಿಕೊಂಡೇ ಬೆಳೆದ ತಂಗಿಗೆ ತನ್ನ ಪರ ಮಾತಾಡುವವರೊಬ್ಬರು ಮನೆಯಲ್ಲೇ ಇದ್ದಾರೆ ಅಂತ ಗೊತ್ತಾಗುತ್ತದೆ.

ನಿಮ್ಮ ಮನೆ ಗ್ರೂಪಿನಲ್ಲಿ ಇಂಥ ಮಾತು ಬಂದಾಗ ನೀವೇನು ಮಾಡಿದಿರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ.