ಪರಸ್ಯದಿಂದ ರಹಸ್ಯಕ್ಕೆ: ಕೊಚ್ಚಿ, ತಿರುವನಂತಪುರಗಳ ವ್ಯಾಪಾರ ಮತ್ತು ಜಾಲತಾಣದ ಜಾಹೀರಾತು

ಕನ್ನಡದ ‘ಜಾಹೀರಾತು’ ಮರಾಠಿಯ ಮೂಲಕ ಬಂದ ಶಬ್ದ. ಅದರ ಮೂಲದಲ್ಲಿರುವ ಅರಬ್ಬಿಯ ‘ಜಾಹಿರ್’ ಎಂಬುದಕ್ಕೆ ಪ್ರಕಟವಾದುದು, ಕಣ್ಣಿಗೆ ಕಾಣುವುದು ಎಂದು ಅರ್ಥ. ಮಲೆಯಾಳದಲ್ಲಿ ಇದಕ್ಕೆ ‘ಪರಸ್ಯಂ’ ಎಂದು ಹೆಸರು. ‘ರಹಸ್ಯ’ಕ್ಕೆ ಎದುರಾಗಿ ನಿಲ್ಲುವ ಮಾತು ಇದು. ನಾಲ್ವರ ಮುಂದೆ ಆಡಿದ ಮಾತೂ ಅಲ್ಲಿ ಪರಸ್ಯವೇ, ಹಣ ಕೊಟ್ಟು ಪತ್ರಿಕೆಯಲ್ಲಿ ಹಾಕಿಸಿದ ಪ್ರಕಟಣೆಯೂ ಪರಸ್ಯವೇ. ನೆರೆಹೊರೆಯ ಎರಡು ಭಾಷೆಗಳು ಬೇರೆ ಬೇರೆ ದಾರಿಯಿಂದ ಒಂದೇ ಅಭಿಪ್ರಾಯಕ್ಕೆ ಬಂದಿವೆ: ಜಾಹೀರಾತಿನ ಜೀವಾಳವೆಂದರೆ ಅದರ ಬಹಿರಂಗತೆ. ಇಂದು ಕೈಯಲ್ಲಿನ ಫೋನಿನ ಪರದೆಯ ಮೇಲೆ ಮೂಡುವ ಜಾಹೀರಾತಿಗೆ ಈ ಹೆಸರು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ.

೧. ಹಳೆಯ ಪೇಟೆಯ ಪದ್ಧತಿ

ತಿರುವನಂತಪುರದ ಪೂರ್ವಕೋಟೆಯ ಬಳಿಯಿರುವ ಚಾಲೆ ಬಜಾರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರ ಕಾಲದಲ್ಲಿ ನೆಲೆಗೊಂಡಿತು. ಅಲ್ಲಿಯೂ ಕೊಚ್ಚಿಯ ಮಟ್ಟಾಂಚೇರಿಯಲ್ಲಿಯೂ ಅಂಗಡಿಯ ಮುಂದೆ ಬಾಯಿಬಿಚ್ಚಿಟ್ಟ ಮೂಟೆಯೇ ಸರಕಿನ ಮೊದಲ ಜಾಹೀರಾತು. ಒಬ್ಬ ವರ್ತಕನು ಮೆಣಸಿಗೆ ಹೇಳಿದ ಬೆಲೆ ಪಕ್ಕದಂಗಡಿಯವನ ಕಿವಿಗೂ ಬೀಳುತ್ತಿತ್ತು. ಕೆಟ್ಟ ಸರಕನ್ನು ಹೊಗಳಿದರೆ ಅಲ್ಲಗಳೆಯುವವರು ಎದುರಿಗೇ ಇರುತ್ತಿದ್ದರು. ಕೊಚ್ಚಿಯಲ್ಲಿ ೧೯೪೭ರಲ್ಲಿ ಮೊದಲಾದ ಚಹದ ಹರಾಜಿನಲ್ಲಿಯೂ ಬಹುಕಾಲ ಇದೇ ನ್ಯಾಯ ನಡೆಯಿತು. ಕೊಳ್ಳುವವರು ಮಾದರಿಯ ರುಚಿ ನೋಡಿಕೊಂಡು ಬಂದು, ಒಂದೇ ಸಭಾಂಗಣದಲ್ಲಿ ಕುಳಿತು, ಎಲ್ಲರಿಗೂ ಕೇಳುವಂತೆ ಬೆಲೆ ಕೂಗುತ್ತಿದ್ದರು. ಆ ಹರಾಜು ಗಣಕಯಂತ್ರಕ್ಕೆ ಹೋದುದು ಈಚಿನ ಮಾತು.

ಮುದ್ರಣಯಂತ್ರವು ಈ ಬಹಿರಂಗತೆಯನ್ನು ಹಿಗ್ಗಿಸಿತೇ ಹೊರತು ಕುಗ್ಗಿಸಲಿಲ್ಲ. ಬಾಸೆಲ್ ಮಿಷನ್ನಿನವರು ೧೮೪೩ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನೂ, ೧೮೪೭ರಲ್ಲಿ ತಲಚ್ಚೇರಿಯಿಂದ ಮಲೆಯಾಳದ ‘ರಾಜ್ಯಸಮಾಚಾರಂ’ ಪತ್ರಿಕೆಯನ್ನೂ ಹೊರಡಿಸಿದರು. ಅಚ್ಚಾದ ಪ್ರತಿಯೊಂದು ಕಾಗದದ ಮೇಲೆಯೂ ಮುದ್ರಕನ ಹೆಸರು, ಮುದ್ರಣಸ್ಥಳಗಳು ಇರಬೇಕೆಂದು ೧೮೬೭ರ ಕಾನೂನು ವಿಧಿಸಿತು. ಪತ್ರಿಕೆಯ ಜಾಹೀರಾತು ಸುಳ್ಳಾಗಿರಲಾರದೆಂದಲ್ಲ. ಆದರೆ ಆ ಸುಳ್ಳನ್ನು ಸಾವಿರಾರು ಜನ ಒಂದೇ ದಿನ, ಒಂದೇ ರೂಪದಲ್ಲಿ ಓದುತ್ತಿದ್ದರು. ಹೇಳಿದವನು ಯಾರು, ಹೇಳಿದುದು ಏನು ಎಂಬ ಎರಡೂ ಸಂಗತಿಗಳು ಊರಿನ ಕಣ್ಣೆದುರಿನಲ್ಲಿಯೇ ಇದ್ದವು.

೨. ಹಣವಿಲ್ಲದೆ ಹರಡುವ ಪ್ರಚಾರ

ಜಾಲತಾಣಗಳ ಪ್ರಚಾರದಲ್ಲಿ ಎರಡು ಬಗೆಗಳುಂಟು. ವ್ಯಾಪಾರಿಯು ತನ್ನ ಪುಟದಲ್ಲಿ ತಾನೇ ಬರೆದು ಪ್ರಕಟಿಸುವುದು ಒಂದು. ತಾಣದ ಒಡೆಯರಿಗೆ ಹಣ ತೆತ್ತು ಪರರ ಪರದೆಗೆ ತನ್ನ ಮಾತನ್ನು ಕಳುಹಿಸುವುದು ಇನ್ನೊಂದು. ಮೊದಲನೆಯದು ಇಂದಿಗೂ ಪರಸ್ಯವೇ.

ಇದಕ್ಕೆ ತಿರುವನಂತಪುರವೇ ಒಳ್ಳೆಯ ನಿದರ್ಶನವೊಂದನ್ನು ಒದಗಿಸಿತು. ೨೦೨೫ರ ಜೂನ್ ೧೪ರಂದು ಬ್ರಿಟಿಷ್ ನೌಕಾಪಡೆಯ ಎಫ್-೩೫ಬಿ ಯುದ್ಧವಿಮಾನವೊಂದು ಅಲ್ಲಿನ ನಿಲ್ದಾಣದಲ್ಲಿ ತುರ್ತಾಗಿ ಇಳಿಯಿತು. ಯಂತ್ರದೋಷದಿಂದ ಮತ್ತೆ ಏಳಲಾರದೆ ಜುಲೈ ೨೨ರವರೆಗೆ ಅಲ್ಲಿಯೇ ಉಳಿಯಿತು. ಕೇರಳದ ಪ್ರವಾಸೋದ್ಯಮ ಇಲಾಖೆಯು ತನ್ನ ಜಾಲತಾಣದ ಖಾತೆಯಲ್ಲಿ, ಆ ವಿಮಾನವೇ ಪ್ರವಾಸಿಯಾಗಿ ಬಂದು ಈ ನಾಡನ್ನು ಬಿಟ್ಟುಹೋಗಲು ಮನಸ್ಸಿಲ್ಲವೆಂದು ಐದು ನಕ್ಷತ್ರಗಳ ಮೆಚ್ಚುಗೆಯನ್ನು ಬರೆದಂತೆ ಒಂದು ಚಿತ್ರವನ್ನು ಪ್ರಕಟಿಸಿತು. ವಿನೋದವು ದೇಶದ ಎಲ್ಲೆಯನ್ನು ದಾಟಿ ಹರಡಿತು. ವಿದೇಶದ ಪತ್ರಿಕೆಗಳು ಸುದ್ದಿಯಾಗಿ ಅಚ್ಚುಹಾಕಿದವು. ಹಣಕ್ಕೆ ದೊರೆಯದ ಪ್ರಚಾರ ಸಮಯಸ್ಫೂರ್ತಿಗೆ ದೊರೆಯಿತು.

ಎರಡನೆಯ ನಿದರ್ಶನ ಕೊಚ್ಚಿಯ ನೆರೆಯದು, ಹೆಚ್ಚು ಗಂಭೀರವಾದುದು. ೨೦೧೮ರ ಆಗಸ್ಟ್ ತಿಂಗಳಿನ ಮಹಾಪೂರದಲ್ಲಿ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲದ ನೇಕಾರರು ಓಣಂ ಹಬ್ಬಕ್ಕೆಂದು ನೇಯ್ದಿಟ್ಟಿದ್ದ ಬಟ್ಟೆಯೆಲ್ಲ ಕೆಸರಿನಲ್ಲಿ ಅದ್ದಿಹೋಯಿತು. ಸುಡುವುದಲ್ಲದೆ ಬೇರೆ ಗತಿಯಿಲ್ಲವೆಂದಿದ್ದ ಸೀರೆಗಳನ್ನು ಲಕ್ಷ್ಮಿ ಮೆನನ್, ಗೋಪಿನಾಥ್ ಪಾರಯಿಲ್ ಎಂಬಿಬ್ಬರು ತರಿಸಿ, ಶುದ್ಧಿಮಾಡಿಸಿ, ಚೂರುಗಳಿಂದ ಪುಟ್ಟ ಬೊಂಬೆಗಳನ್ನು ಮಾಡಿಸಲು ತೊಡಗಿದರು. ಬೊಂಬೆಗೆ ‘ಚೇಕುಟ್ಟಿ’ ಎಂದು ಹೆಸರಿಟ್ಟರು. ಮಲೆಯಾಳದಲ್ಲಿ ‘ಚೇರು’ ಎಂದರೆ ಕೆಸರು, ‘ಕುಟ್ಟಿ’ ಎಂದರೆ ಮಗು. ಸುಮಾರು ೧,೩೦೦ ರೂಪಾಯಿಗೆ ಮಾರಾಟವಾಗಬೇಕಿದ್ದ ಒಂದು ಸೀರೆಯಿಂದ ೩೬೦ರಷ್ಟು ಬೊಂಬೆಗಳಾಗುತ್ತಿದ್ದವು. ಒಂದಕ್ಕೆ ೨೫ ರೂಪಾಯಿಯಂತೆ ೯,೦೦೦ ರೂಪಾಯಿ ಬರುತ್ತಿತ್ತು. ಮೈಮೇಲಿನ ಕಲೆಗಳನ್ನು ಮರೆಮಾಡದೆ ಅವನ್ನೇ ಬೊಂಬೆಯ ಕಥೆಯಾಗಿ ಹೇಳಿದರು. ಕೊಂಡವರು ತಮ್ಮ ಚೀಲಕ್ಕೆ ಕಟ್ಟಿಕೊಂಡ ಬೊಂಬೆಯ ಚಿತ್ರವನ್ನು ತಾವೇ ಜಾಲತಾಣಗಳಲ್ಲಿ ಹಾಕಿದರು. ಗಿರಾಕಿಯೇ ಜಾಹೀರಾತುದಾರನಾದನು.

ಆದರೆ ಪ್ರತಿ ವರ್ಷವೂ ಮಹಾಪೂರ ಬರಬಾರದು, ಪ್ರತಿ ವಾರವೂ ಯುದ್ಧವಿಮಾನ ಇಳಿಯಲಾರದು. ಸಾಮಾನ್ಯ ಅಂಗಡಿಕಾರನ ಪ್ರಕಟಣೆ ಅವನ ಪುಟವನ್ನು ಮೆಚ್ಚಿಕೊಂಡವರಿಗೆಲ್ಲ ತಲುಪುತ್ತದೆಂಬ ಭರವಸೆಯೂ ಇಲ್ಲ. ಬಂಧುಮಿತ್ರರ ಪ್ರಕಟಣೆಗಳಿಗೆ ಮೊದಲ ಸ್ಥಾನ ಕೊಟ್ಟು, ವ್ಯಾಪಾರದ ಪುಟಗಳನ್ನು ಹಿಂದೆ ಸರಿಸುವುದಾಗಿ ಫೇಸ್‌ಬುಕ್ ೨೦೧೮ರ ಜನವರಿಯಲ್ಲಿಯೇ ಸಾರಿತು. ಅಂದಿನಿಂದ ವರ್ತಕನು ತನ್ನ ಹಳೆಯ ಗಿರಾಕಿಗಳನ್ನು ತಲುಪುವುದಕ್ಕೂ ಸುಂಕದ ಕಟ್ಟೆಯನ್ನು ದಾಟಬೇಕಾಗಿದೆ.

೩. ಸದ್ದಿಲ್ಲದ ಹರಾಜು

ಆ ಸುಂಕವನ್ನು ನಿರ್ಣಯಿಸುವುದು ಒಂದು ಹರಾಜು. ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯನ್ನು ೨೦೦೦ದಲ್ಲಿಯೂ ಫೇಸ್‌ಬುಕ್ ತನ್ನದನ್ನು ೨೦೦೭ರಲ್ಲಿಯೂ ತೆರೆದವು. ಎರಡರಲ್ಲಿಯೂ ಇಂದು ಮಾರಾಟಕ್ಕಿರುವ ಸರಕು ನೋಡುಗನ ಒಂದು ಕ್ಷಣದ ಗಮನ. ಒಬ್ಬನು ಪರದೆಯನ್ನು ತೆರೆದೊಡನೆ, ಕಣ್ಣು ರೆಪ್ಪೆಹೊಡೆಯುವಷ್ಟರಲ್ಲಿ, ಆ ಒಂದು ಸ್ಥಳಕ್ಕಾಗಿ ಹರಾಜು ನಡೆದು ಮುಗಿದಿರುತ್ತದೆ.

ಹೆಚ್ಚು ಹಣ ಕೂಗಿದವನೇ ಗೆಲ್ಲುತ್ತಾನೆಂದು ತಿಳಿಯುವುದು ತಪ್ಪು. ಎರ್ನಾಕುಲಂನಲ್ಲಿ ಎರಡು ಉಡುಪಿ ಹೋಟೆಲುಗಳಿವೆಯೆಂದು ಕಲ್ಪಿಸಿಕೊಳ್ಳಬಹುದು. ತನ್ನ ಜಾಹೀರಾತನ್ನು ಒತ್ತಿ ನೋಡುವ ಪ್ರತಿಯೊಬ್ಬನಿಗೂ ಮೊದಲನೆಯದು ೧೨ ರೂಪಾಯಿ, ಎರಡನೆಯದು ೮ ರೂಪಾಯಿ ಕೊಡಲು ಒಪ್ಪಿವೆ. ನೂರು ಜನರಿಗೆ ತೋರಿಸಿದರೆ ಮೊದಲನೆಯದನ್ನು ಇಬ್ಬರು, ಎರಡನೆಯದನ್ನು ನಾಲ್ವರು ಒತ್ತಿಯಾರೆಂದು ಯಂತ್ರದ ಅಂದಾಜು. ಹಾಗಾದರೆ ನೂರು ಪ್ರದರ್ಶನಕ್ಕೆ ಮೊದಲನೆಯದರಿಂದ ತಾಣದವರಿಗೆ ದೊರೆಯುವುದು ೨೪ ರೂಪಾಯಿ, ಎರಡನೆಯದರಿಂದ ೩೨. ಕಡಮೆ ಕೂಗಿದ ಎರಡನೆಯ ಹೋಟೆಲೇ ಗೆಲ್ಲುತ್ತದೆ. ಎದುರಾಳಿಯನ್ನು ಮೀರಿಸಲು ಬೇಕಾದಷ್ಟನ್ನೇ ವಸೂಲುಮಾಡುವ ಪದ್ಧತಿಯಾದರೆ ಅದು ಒತ್ತಿಗೆ ಆರು ರೂಪಾಯಿಯನ್ನು ಕೊಂಚ ಮೀರಿ ತೆತ್ತರೆ ಸಾಕು. ನಿಜವಾದ ಲೆಕ್ಕದಲ್ಲಿ ಜಾಹೀರಾತಿನ ಗುಣಮಟ್ಟವೇ ಮೊದಲಾದ ಅಂಶಗಳೂ ಸೇರುತ್ತವೆ. ತತ್ತ್ವ ಮಾತ್ರ ಇದೇ. ಜನರಿಗೆ ಬೇಕಾದುದನ್ನು ಹೇಳುವವನಿಗೆ ಅಗ್ಗ, ಬೇಡದುದನ್ನು ಹೇಳುವವನಿಗೆ ದುಬಾರಿ. ಇಷ್ಟರಮಟ್ಟಿಗೆ ಈ ಏರ್ಪಾಡು ನ್ಯಾಯವಾದುದು. ಸಣ್ಣ ಅಂಗಡಿಯೂ ದಿನಕ್ಕೆ ಕೆಲವು ನೂರು ರೂಪಾಯಿಯಲ್ಲಿ, ತನ್ನ ಸುತ್ತಣ ಕೆಲವೇ ಮೈಲಿಗಳೊಳಗಿನ ಜನರಿಗೆ ಮಾತ್ರ ಕಾಣುವಂತೆ ಜಾಹೀರಾತು ಕೊಡಬಲ್ಲದೆಂಬುದು ಪತ್ರಿಕೆಯ ಯುಗದಲ್ಲಿ ಇಲ್ಲದಿದ್ದ ಅನುಕೂಲ.

೪. ಖರ್ಚಿನ ಲೆಕ್ಕ

ಆದರೆ ಒತ್ತಿದವರೆಲ್ಲ ಕೊಳ್ಳುವವರಲ್ಲ. ತಿರುವನಂತಪುರದ ಒಂದು ಕಸವು ಸೀರೆಯ ಅಂಗಡಿ ೧೦,೦೦೦ ರೂಪಾಯಿ ಖರ್ಚುಮಾಡಿತೆಂದೂ ಒಂದು ಒತ್ತಿಗೆ ೫ ರೂಪಾಯಿ ಬಿದ್ದಿತೆಂದೂ ಇಟ್ಟುಕೊಂಡರೆ, ನೋಡಲು ಬಂದವರು ೨,೦೦೦ ಮಂದಿ. ಐವತ್ತರಲ್ಲಿ ಒಬ್ಬನು ಕೊಂಡರೆ ಮಾರಾಟ ೪೦ ಸೀರೆ. ಸೀರೆಯೊಂದಕ್ಕೆ ಜಾಹೀರಾತಿನ ಖರ್ಚು ೨೫೦ ರೂಪಾಯಿ. ಇದರ ಮೇಲೆ ಶೇಕಡ ೧೮ರ ಜಿ.ಎಸ್.ಟಿ. ಬೀಳುತ್ತದೆ. ದೊಡ್ಡ ವರ್ತಕನು ಅದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾಮಾಡಿಕೊಳ್ಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣವನಿಗೆ ಆ ಸೌಲಭ್ಯವಿಲ್ಲ. ಅವನಿಗೆ ಬೀಳುವುದು ೨೯೫ ರೂಪಾಯಿ. ಸೀರೆಯ ಮೇಲಿನ ಲಾಭ ೨೦೦ ಆಗಿದ್ದರೆ ಮಾರಿದಷ್ಟೂ ನಷ್ಟ. ಕೊಂಡವರು ಎರಡನೆಯ ಸಲ ಜಾಹೀರಾತಿನ ಹಂಗಿಲ್ಲದೆ ಬಂದರೆ ಮಾತ್ರ ಲೆಕ್ಕ ಸರಿದೂಗುತ್ತದೆ. ಆದುದರಿಂದ ಗಿರಾಕಿಯ ಹೆಸರು, ವಿಳಾಸಗಳನ್ನು ಅವನ ಒಪ್ಪಿಗೆ ಪಡೆದು ತನ್ನ ಖಾತೆಪುಸ್ತಕದಲ್ಲಿ ಬರೆದುಕೊಳ್ಳದ ವರ್ತಕನು ಅದೇ ಗಿರಾಕಿಯನ್ನು ಮತ್ತೆ ಮತ್ತೆ ಹರಾಜಿನಲ್ಲಿ ಕೊಳ್ಳುತ್ತಿರಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಹೇಗೂ ಬರುತ್ತಿದ್ದ ಗಿರಾಕಿಯನ್ನೂ ತಾಣವು ತಾನು ಕಳುಹಿಸಿದವನೆಂದು ಎಣಿಸಬಹುದು. ಅಮೆರಿಕದ ಈಬೇ ಸಂಸ್ಥೆಯಲ್ಲಿ ಕೆಲವೆಡೆ ಜಾಹೀರಾತನ್ನು ನಿಲ್ಲಿಸಿ ನಡೆಸಿದ ಪ್ರಯೋಗಗಳನ್ನು ಬ್ಲೇಕ್, ನೊಸ್ಕೊ, ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ೨೦೧೫ರಲ್ಲಿ ಪ್ರಕಟಿಸಿದರು. ಸಂಸ್ಥೆಯ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತಿನಿಂದ ಅಳೆಯಬಹುದಾದ ಪ್ರಯೋಜನವೇನೂ ಕಾಣಲಿಲ್ಲ. ಎರಡೂ ನಗರಗಳಲ್ಲಿ ಅಂಗಡಿಯಿರುವ ವರ್ತಕನಿಗೆ ಈ ಪರೀಕ್ಷೆ ಕಷ್ಟವಲ್ಲ: ಕೊಚ್ಚಿಯಲ್ಲಿ ಕೆಲವು ವಾರ ಜಾಹೀರಾತನ್ನು ನಿಲ್ಲಿಸಿ, ತಿರುವನಂತಪುರದಲ್ಲಿ ಮುಂದುವರಿಸಿ, ಎರಡೂ ಕಡೆಯ ಗಲ್ಲದ ಲೆಕ್ಕವನ್ನು ಹಿಂದಿನ ವಾರಗಳೊಂದಿಗೆ ಹೋಲಿಸಿದರೆ ಸತ್ಯ ಬಹುಮಟ್ಟಿಗೆ ತಿಳಿಯುತ್ತದೆ.

೫. ಒಬ್ಬನೇ ನೋಡುವ ಜಾಹೀರಾತು

ಇವೆಲ್ಲಕ್ಕಿಂತ ಮೂಲಭೂತವಾದ ಬದಲಾವಣೆ ಬೇರೆಯೇ ಇದೆ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರ ಪರದೆಗಳ ಮೇಲೆ ಒಂದೇ ಜಾಹೀರಾತು ಇರುವುದಿಲ್ಲ. ವಯಸ್ಸು, ಊರು, ಭಾಷೆ, ಹಿಂದೆ ನೋಡಿದ ಸರಕು ಇವುಗಳನ್ನು ಅನುಸರಿಸಿ ಒಬ್ಬೊಬ್ಬನಿಗೆ ಒಂದೊಂದು. ಭಾಷೆಯ ದೃಷ್ಟಿಯಿಂದ ಇದರಲ್ಲಿ ಲಾಭವೂ ಉಂಟು: ಕೊಚ್ಚಿಯ ಕನ್ನಡ ಮನೆಯವರಿಗೆ ಕನ್ನಡದಲ್ಲಿಯೇ ಮಾತನಾಡುವುದು ವರ್ತಕನಿಗೆ ಈಗ ಸಾಧ್ಯ. ಆದರೆ ಅವನು ಭಾಷೆಯನ್ನು ಗಮನಿಸದೆ ಕೇರಳ ರಾಜ್ಯವೆಂಬ ಎಲ್ಲೆಯನ್ನು ಮಾತ್ರ ಗುರುತಿಸಿದರೆ, ಮಂಜೇಶ್ವರದ ಕನ್ನಡಿಗನಿಗೂ ಮಲೆಯಾಳದ ಜಾಹೀರಾತೇ ಬರುತ್ತದೆ. ೧೯೫೬ರಲ್ಲಿ ಎಳೆದ ಗಡಿರೇಖೆ ಪರದೆಯ ಮೇಲೂ ಮೂಡುತ್ತದೆ.

ಆತಂಕಕರವಾದುದು ಸುಳ್ಳಿನ ಮಾತು. ಷೇರು ವ್ಯವಹಾರದಲ್ಲಿ ಹಣವನ್ನು ಇಮ್ಮಡಿಮಾಡಿಕೊಡುವೆವೆಂಬ ಜಾಹೀರಾತು ನಿವೃತ್ತನಾದ ಒಬ್ಬ ಹಿರಿಯನ ಪರದೆಗೆ ಬಂದಾಗ ಅದನ್ನು ಮಗ ನೋಡಿರುವುದಿಲ್ಲ, ನೆರೆಯವನು ನೋಡಿರುವುದಿಲ್ಲ, ಬ್ಯಾಂಕಿನವರಂತೂ ನೋಡಿರುವುದೇ ಇಲ್ಲ. ‘ಇದು ಮೋಸ’ ಎಂದು ಹೇಳಬಲ್ಲವರ ಕಣ್ಣಿಗೆ ಬೀಳದಿರುವುದೇ ಅದರ ಬಲ. ಮೂಟೆಯ ಬಾಯಿಬಿಚ್ಚಿಟ್ಟ ಪೇಟೆಯಲ್ಲಿ ಇಂಥ ಮಾತು ಅರ್ಧ ದಿನವೂ ನಿಲ್ಲುತ್ತಿರಲಿಲ್ಲ. ಪರಸ್ಯವು ರಹಸ್ಯವಾದುದರ ಬೆಲೆ ಇದು.

೬. ಕಾನೂನು ಮತ್ತು ತೆರೆದ ಕಡತ

ಕಾನೂನು ಸುಮ್ಮನಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾನೂನು ದಾರಿತಪ್ಪಿಸುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿಯವರೆಗೂ, ತಪ್ಪು ಮರುಕಳಿಸಿದರೆ ೫೦ ಲಕ್ಷದವರೆಗೂ ದಂಡ ವಿಧಿಸಲು ಎಡೆಮಾಡಿದೆ. ಅದರಂತೆ ೨೦೨೨ರ ಜೂನ್ ತಿಂಗಳಿನಲ್ಲಿ ಮಾರ್ಗಸೂಚಿಗಳು ಹೊರಟವು. ಹಣ ಪಡೆದು ಸರಕನ್ನು ಹೊಗಳುವ ಜಾಲತಾಣದ ಪ್ರಸಿದ್ಧರು ಆ ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕೆಂದು ೨೦೨೩ರ ಜನವರಿಯಲ್ಲಿ ಕೇಂದ್ರಸರ್ಕಾರ ತಿಳಿಸಿತು. ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು, ತನ್ನಲ್ಲಿ ನೋಂದಣಿಯಾದ ಮಧ್ಯವರ್ತಿಗಳು ಅದೇ ದಾಖಲೆಯ ವಿಳಾಸದಿಂದ ತಾಣಗಳಲ್ಲಿ ಗುರುತು ದೃಢಪಡಿಸಿಕೊಂಡ ಮೇಲೆಯೇ ಜಾಹೀರಾತು ಕೊಡಬೇಕೆಂದು ೨೦೨೫ರ ಮಾರ್ಚಿಯಲ್ಲಿ ವಿಧಿಸಿತು. ಇತ್ತ, ವಿದೇಶೀ ಸಂಸ್ಥೆಗಳಿಗೆ ಸಲ್ಲುವ ಜಾಹೀರಾತಿನ ಹಣದ ಮೇಲೆ ೨೦೧೬ರಿಂದ ಇದ್ದ ಶೇಕಡ ೬ರ ಸಮೀಕರಣ ತೆರಿಗೆ ೨೦೨೫ರ ಏಪ್ರಿಲ್ ೧ರಿಂದ ರದ್ದಾಯಿತು.

ಇವುಗಳಿಗಿಂತ ಕಡಮೆ ಪ್ರಸಿದ್ಧವಾದ, ಆದರೆ ಯಾರು ಬೇಕಾದರೂ ಬಳಸಬಹುದಾದ ಸಾಧನವೊಂದುಂಟು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಚಾಲ್ತಿಯಲ್ಲಿರುವ ಜಾಹೀರಾತುಗಳನ್ನು ೨೦೧೯ರಿಂದಲೂ, ಗೂಗಲಿನವನ್ನು ೨೦೨೩ರಿಂದಲೂ ತೆರೆದ ಕಡತದಲ್ಲಿ ಹುಡುಕಿ ನೋಡಬಹುದು. ಮಟ್ಟಾಂಚೇರಿಯ ವರ್ತಕನು ತನ್ನ ಎದುರಾಳಿಯು ಏನನ್ನು ಸಾರುತ್ತಿದ್ದಾನೆಂಬುದನ್ನು ಅಲ್ಲಿ ಓದಬಹುದು. ಮಗನು ತಂದೆಗೆ ಬಂದ ಆಮಿಷ ಯಾರದೆಂದು ಅಲ್ಲಿ ವಿಚಾರಿಸಬಹುದು. ಪ್ರತಿಯೊಬ್ಬನ ಪರದೆಯಲ್ಲಿ ಬಚ್ಚಿಟ್ಟ ಮಾತನ್ನು ಈ ಕಡತ ಕೊಂಚಮಟ್ಟಿಗೆ ಮತ್ತೆ ಪೇಟೆಯ ಬೀದಿಗೆ ತರುತ್ತದೆ. ಜಾಹೀರಾತಿನ ಬೆಲೆಯನ್ನು ವರ್ತಕನು ಕಟ್ಟಲಿ. ಅದರ ನಿಜವನ್ನು ನೋಡುವ ಹಕ್ಕು ಪೇಟೆಗೆ ಸೇರಿದ್ದು. ಚೇಕುಟ್ಟಿ ತನ್ನ ಕಲೆಯನ್ನು ಮುಚ್ಚಿಕೊಳ್ಳದೆಯೇ ಮಾರಾಟವಾಯಿತೆಂಬುದನ್ನು ಎರಡು ಪಕ್ಷದವರೂ ನೆನೆಯುವುದು ಒಳ್ಳೆಯದು.